ಬೆಂಚಿನ ಮೇಲೆ ಕಾಲು ಗಂಟೆ

ನಂಜನಗೂಡಿನ ನಮ್ಮ ಲ್ಯಾಬಿನ ಜಗಲಿಯಲ್ಲಿ ಒಂದು ಮರದ ಬೆಂಚು ಇತ್ತು. ರಕ್ತ ಕೊಡಲು ಬಂದವರು ಯಾರೇ ಆಗಲಿ, ಮೊದಲು ಅದರ ಮೇಲೆ ಕಾಲು ಗಂಟೆ ಕೂರಬೇಕು. ಅದು ಲ್ಯಾಬಿನ ಯಜಮಾನರ ಕಟ್ಟಪ್ಪಣೆ. ಸರ್ಕಾರಿ ಆಸ್ಪತ್ರೆಯಲ್ಲಿ ಬದುಕಿಡೀ ಮೈಕ್ರೋಸ್ಕೋಪು ನೋಡಿ ರಿಟೈರಾಗಿ ಬಂದವರು ಅವರು. "ಓಡಿ ಬಂದವನ ರಕ್ತ ಸುಳ್ಳು ಹೇಳುತ್ತೆ. ಕೂರಿಸು, ಉಸಿರು ತಿರುಗಲಿ, ಆಮೇಲೆ ಸೂಜಿ ಹಾಕು" ಎನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಕಲಿತ ಮೊದಲ ಪಾಠವೇ ಅದು. ಒಬ್ಬರಿಗಾಗಿ ನಾನು ಮುರಿದದ್ದೂ ಅದನ್ನೇ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ, ನಾನಿನ್ನೂ ಕಸ ಗುಡಿಸುತ್ತಿರುವಾಗ, ಐವತ್ತರ ಆಸುಪಾಸಿನ ಒಬ್ಬರು ಛತ್ರಿ ಮಡಚಿಕೊಂಡು ಸೀದಾ ಒಳಗೇ ಬಂದುಬಿಟ್ಟರು. ಮೈಸೂರಿನ ಲಿವರ್ ಡಾಕ್ಟರ ಚೀಟಿ ಕೊಟ್ಟರು. ಟಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ಹೆಮ್ಮಿಗೆಯಲ್ಲಿ. ಕಾಯಿಲೆ ಹೆಪಟೈಟಿಸ್ ಸಿ.

"ನರಸೀಪುರದಲ್ಲೇ ಲ್ಯಾಬ್ ಇದೆಯಲ್ಲ ಮೇಷ್ಟ್ರೇ?" ಎಂದೆ.

"ಅಲ್ಲಿ ಕೊಟ್ರೆ ನಾನು ಸ್ಕೂಲ್ ಮುಟ್ಟೋದ್ರೊಳಗೆ ಕಾಯಿಲೆ ಹೆಸ್ರು ಮುಟ್ಟಿರ್ತದೆ ಕಣವ್ವ. ರಕ್ತದಿಂದ ಬರೋ ಕಾಯಿಲೆ ಅಂದ್ರೆ ಜನ ಇನ್ನೊಂದನ್ನೇ ಅಂದ್ಕತಾರೆ. ಆಮೇಲೆ ಮಕ್ಳು ನನ್ನ ಕೈಯಿಂದ ಸೀಮೆಸುಣ್ಣನೂ ಈಸ್ಕೊಳಲ್ಲ."

ಹದಿನೈದು ವರ್ಷದ ಹಿಂದೆ ಲಾರಿ ಗುದ್ದಿ ತೊಡೆ ಮುರಿದಾಗ ಅವರಿಗೆ ಮೂರು ಬಾಟಲಿ ರಕ್ತ ಕೊಟ್ಟಿದ್ದರಂತೆ. ಆ ಕಾಲದಲ್ಲಿ ಕೊಡುವ ರಕ್ತದಲ್ಲಿ ಈ ವೈರಸ್ ಇದೆಯೇ ಎಂದು ನೋಡುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಜೀವ ಉಳಿಸಿದ ರಕ್ತವೇ ಲಿವರಿಗೆ ಗೆದ್ದಲು ಹತ್ತಿಸಿ ಹೋಗಿತ್ತು.

ಜಗಲಿಯ ಬೆಂಚು ರಸ್ತೆಗೆ ಎದುರಾಗಿತ್ತು. ಅಲ್ಲಿ ಕೂತರೆ ನರಸೀಪುರದ ಬಸ್ಸಿನಿಂದ ಇಳಿದವರೆಲ್ಲ ನೋಡುತ್ತಾರೆ. ಜೊತೆಗೆ ಎಂಟು ಗಂಟೆಯ ಬಸ್ಸು ತಪ್ಪಿದರೆ ಅವರಿಗೆ ಪ್ರಾರ್ಥನೆಯ ಹೊತ್ತಿಗೆ ಸ್ಕೂಲು ಸಿಗುತ್ತಿರಲಿಲ್ಲ. ಒಬ್ಬ ಮೇಷ್ಟ್ರನ್ನು ಬೀದಿಗೆ ಮುಖ ಮಾಡಿ ಕೂರಿಸಿ ಕಾಯಿಸಲು ನನಗೂ ಮನಸ್ಸು ಬರಲಿಲ್ಲ. "ಬನ್ನಿ ಒಳಗೆ" ಎಂದು ನೇರವಾಗಿ ಕುರ್ಚಿಗೆ ಕೂರಿಸಿ ತೋಳಿಗೆ ರಬ್ಬರು ಬಿಗಿದೆ. ಯಜಮಾನರು ಬರುತ್ತಿದ್ದುದು ಒಂಬತ್ತಕ್ಕೆ.

ಆಗಿನ ಚಿಕಿತ್ಸೆ ಈಗಿನಂತೆ ಮಾತ್ರೆ ನುಂಗಿ ನೀರು ಕುಡಿಯುವುದಲ್ಲ. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ದಿನಾ ಮಾತ್ರೆ ಬೇರೆ. ಮೇಷ್ಟ್ರದು ಹಠಮಾರಿ ಜಾತಿಯ ವೈರಸ್ಸು, ಹಾಗಾಗಿ ಒಟ್ಟು ನಲವತ್ತೆಂಟು ವಾರ. ಇಂಜೆಕ್ಷನ್ ಹಾಕಿಸಿಕೊಂಡ ರಾತ್ರಿ ಚಳಿಜ್ವರ, ಮೈಕೈ ನೋವು, ಬಾಯಿಗೆ ರುಚಿಯಿಲ್ಲ. ಮಾತ್ರೆಯಿಂದ ಕೆಂಪು ಕಣ ಒಡೆದು ಮೆಟ್ಟಿಲು ಹತ್ತಿದರೆ ಏದುಸಿರು. ಇದೆಲ್ಲಕ್ಕಿಂತ ಕೆಟ್ಟ ಗುಣ ಇನ್ನೊಂದು: ಆ ಇಂಜೆಕ್ಷನ್ನು ವೈರಸ್ಸಿನ ಜೊತೆಗೆ ಮೂಳೆಯೊಳಗಿನ ಮಜ್ಜೆಯನ್ನೂ ಅದುಮಿಡುತ್ತದೆ. ಬಿಳಿ ಕಣಗಳು ಹುಟ್ಟುವುದು ಅಲ್ಲೇ. ಅವುಗಳಲ್ಲಿ ನ್ಯೂಟ್ರೋಫಿಲ್ ಎಂಬವು ಮೈಗೆ ಹೊಕ್ಕ ರೋಗಾಣುಗಳ ಮೇಲೆ ಮೊದಲು ಬೀಳುವ ಕಾವಲಿನವು. ಅವು ಏಳುನೂರೈವತ್ತಕ್ಕಿಂತ ಕೆಳಗೆ ಹೋದರೆ ಇಂಜೆಕ್ಷನ್ನಿನ ಪ್ರಮಾಣ ಇಳಿಸಬೇಕು, ಐನೂರಕ್ಕಿಂತ ಕೆಳಗೆ ಹೋದರೆ ನಿಲ್ಲಿಸಬೇಕು. ಡಾಕ್ಟರು ಚೀಟಿಯ ಕೆಳಗೆ ಈ ಎರಡು ಅಂಕಿಗಳನ್ನು ದಪ್ಪಗೆ ಬರೆದಿದ್ದರು. ಆ ಅಂಕಿ ಎಲ್ಲಿದೆ ಎಂದು ಹೇಳುವುದು ನನ್ನ ಕೆಲಸ.

ಕಣ ಎಣಿಸುವ ಯಂತ್ರ ಮೈಸೂರಿನಲ್ಲಿತ್ತು, ನಮ್ಮಲ್ಲಿ ಕಣ್ಣು ಮತ್ತು ಬೆರಳು. ರಕ್ತಕ್ಕೆ ಇಪ್ಪತ್ತರಷ್ಟು ನೇರಳೆ ದ್ರಾವಣ ಬೆರೆಸಿದರೆ ಕೆಂಪು ಕಣ ಕರಗಿ ಬಿಳಿಯವು ಮಾತ್ರ ಉಳಿಯುತ್ತವೆ. ಗೆರೆ ಕೊರೆದ ಗಾಜಿನ ಚೌಕದ ಮೇಲೆ ಒಂದು ಹನಿ ಬಿಟ್ಟು, ನಾಲ್ಕು ಮೂಲೆಗಳಲ್ಲಿ ಎಣಿಸಿ, ಬಂದದ್ದನ್ನು ಐವತ್ತರಿಂದ ಗುಣಿಸಬೇಕು. ಆಮೇಲೆ ಇನ್ನೊಂದು ಗಾಜಿನ ಮೇಲೆ ರಕ್ತ ಎಳೆದು, ಬಣ್ಣ ಹಾಕಿ, ನೂರು ಕಣದಲ್ಲಿ ನ್ಯೂಟ್ರೋಫಿಲ್ ಎಷ್ಟು ಎಂದು ನೋಡಬೇಕು. ಬದನವಾಳಿನಲ್ಲಿ ನನ್ನ ಅವ್ವ ಖಾದಿ ನೂಲು ತೆಗೆಯುತ್ತಿದ್ದವಳು. ಎಳೆ ದಪ್ಪದೋ ಸಣ್ಣದೋ ಬೆರಳಿನಲ್ಲೇ ಹೇಳುತ್ತಿದ್ದಳು. ನನಗೆ ಆ ಜಂಬ ಕಣ್ಣಿನಲ್ಲಿತ್ತು. ನನ್ನ ಲೆಕ್ಕ ಮೈಸೂರಿನ ಯಂತ್ರಕ್ಕೆ ಹೋಲಿಸಿದರೆ ಕೂದಲೆಳೆಯ ವ್ಯತ್ಯಾಸ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಮೇಷ್ಟ್ರು ರಕ್ತ ಕೊಟ್ಟು, ನಮ್ಮ ಫ್ರಿಡ್ಜಿನಲ್ಲಿ ಇಟ್ಟಿದ್ದ ಇಂಜೆಕ್ಷನ್ ಒಂದನ್ನು ಐಸು ತುಂಬಿದ ಫ್ಲಾಸ್ಕಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ನಾನು ಎಣಿಸಿ, ಹತ್ತು ಗಂಟೆಗೆ ಮೈಸೂರಿಗೆ ಫೋನು ಮಾಡಿ ಡಾಕ್ಟರಿಗೆ ಅಂಕಿ ಹೇಳುತ್ತಿದ್ದೆ. ಮಧ್ಯಾಹ್ನ ಊಟದ ಬೆಲ್ಲಿಗೆ ಅವರು ನರಸೀಪುರದ ಎಸ್‌ಟಿಡಿ ಬೂತಿನಿಂದ ಲ್ಯಾಬಿಗೆ ಫೋನು ಮಾಡುತ್ತಿದ್ದರು. ಹಲೋ ಇಲ್ಲ, ನಮಸ್ಕಾರ ಇಲ್ಲ.

"ಹಾಕ್ಲಾ ತಾಯಿ?"

"ಹಾಕಿ ಮೇಷ್ಟ್ರೇ."

ಸಂಜೆ ಹೆಮ್ಮಿಗೆಯ ಮನೆಯಲ್ಲಿ ಹೆಂಡತಿ ದೀಪ ಹಚ್ಚುವ ಹೊತ್ತಿಗೆ ತಾವೇ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳುತ್ತಿದ್ದರು. ಅವರ ಮಗಳು ಆಗ ಎಂಟನೇ ಕ್ಲಾಸು. ಒಂದು ದಿನ ಮೈಕ್ರೋಸ್ಕೋಪಿನಲ್ಲಿ ಅವರದೇ ಕಣಗಳನ್ನು ತೋರಿಸಿದೆ. ಮೂರ್ನಾಲ್ಕು ತುಂಡಾದ ನೀಲಿ ಬೀಜದ ನ್ಯೂಟ್ರೋಫಿಲ್ ನೋಡಿ ಹುಡುಗರ ಹಾಗೆ ಹಿಗ್ಗಿದರು. "ಇಷ್ಟು ವರ್ಷ ಬೋರ್ಡ್ ಮೇಲೆ ಬರ್ದಿದ್ದೇ ಬರ್ದಿದ್ದು, ಇವತ್ತು ಮುಖ ನೋಡ್ದೆ. ನನ್ ಮಗಳು ಎಸ್ಸೆಲ್ಸಿಗೆ ಬಂದಾಗ ನಾನೇ ಪಾಠ ಮಾಡ್ಬೇಕು ಕಣವ್ವ. ಅಷ್ಟು ಆಯಸ್ಸು ಕೊಡ್ಸು ನಿನ್ ಕಣಗಳಿಗೆ ಹೇಳಿ" ಎಂದರು. ಅವರು ಕೇಳುತ್ತಿದ್ದುದು ಅಷ್ಟೇ.

ಮೊದಲ ತಿಂಗಳು ಅಂಕಿ ಸಾವಿರದೈನೂರರಲ್ಲಿತ್ತು. ಎಂಟನೇ ವಾರ ಒಂಬೈನೂರು, ಹತ್ತನೇ ವಾರ ಎಂಟುನೂರಿಪ್ಪತ್ತು. ಹನ್ನೊಂದಕ್ಕೆ ಏಳುನೂರ ಅರವತ್ತು. ಡಾಕ್ಟರು ಫೋನಿನಲ್ಲಿ, "ಮುಂದಿನ ವಾರ ಇನ್ನೂ ಇಳಿದರೆ ಡೋಸ್ ಕಡಿಮೆ ಮಾಡೋಣ, ಗಾಬರಿ ಏನಿಲ್ಲ" ಎಂದರು. ಇದನ್ನು ಮೇಷ್ಟ್ರಿಗೆ ತಿಳಿಸಿದೆ. ಡೋಸ್ ಇಳಿಸಿದರೆ ವೈರಸ್ಸು ತಲೆ ಎತ್ತುತ್ತದೆ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಹನ್ನೆರಡನೆಯ ಶುಕ್ರವಾರ ಬಸ್ಸು ಊರ ಹೊರಗೆ ಕೆಟ್ಟು ನಿಂತು, ಅವರು ಸೇತುವೆಯಿಂದ ಓಡಿ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ವಾಪಸ್ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ನಾನು ಹಾಗೇ ರಕ್ತ ತೆಗೆದೆ. ಎಣಿಸಿದರೆ ಸಾವಿರದ ಮುನ್ನೂರು! ಎರಡು ಸಲ ಎಣಿಸಿದೆ. ಸಂತೋಷಕ್ಕೆ ಓಟ ಗೀಟ ಎಲ್ಲ ಮರೆತು ಡಾಕ್ಟರಿಗೆ ಅಂಕಿ ಹೇಳಿದೆ. ಮರೆತೆ ಎನ್ನುವುದು ಪೂರ್ತಿ ನಿಜವಲ್ಲ. ನೆನಪಿತ್ತು, ಒಂದು ವಾರಕ್ಕೆ ಏನಾಗಿಬಿಡುತ್ತದೆ ಎಂದುಕೊಂಡೆ.

ಮಧ್ಯಾಹ್ನ ಫೋನಿನಲ್ಲಿ ಅಂಕಿ ಕೇಳಿ ಮೇಷ್ಟ್ರು, "ಇದೆಂಗವ್ವ ಒಂದ್ ವಾರಕ್ಕೆ ಇಷ್ಟು ಏರ್ತು?" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಬಾಯಿ ನೆಟ್ಟಗಿದ್ದರೆ ಸಾಕಿತ್ತು. ವಿಜ್ಞಾನದ ಮೇಷ್ಟ್ರಿಗೆ ಪಾಠ ಹೇಳುವ ಅವಕಾಶ ಸಿಕ್ಕಿತಲ್ಲ! "ಅಯ್ಯೋ ಅದು ಓಡಿ ಬಂದಿದ್ದಕ್ಕೆ ಮೇಷ್ಟ್ರೇ. ಈ ಕಣಗಳಲ್ಲಿ ಅರ್ಧದಷ್ಟು ರಕ್ತನಾಳದ ಗೋಡೆಗೆ ಅಂಟ್ಕೊಂಡು ಸುಮ್ನೆ ಕೂತಿರ್ತವೆ. ಓಡಿದ್ರೆ, ಮೆಟ್ಲು ಹತ್ತಿದ್ರೆ ಕಿತ್ಕೊಂಡು ಹರಿವಿಗೆ ಬರ್ತವೆ. ಅರ್ಧ ಮುಕ್ಕಾಲು ಗಂಟೆ ಕೂತ್ರೆ ಮತ್ತೆ ಗೋಡೆಗೇ" ಎಂದೆ.

ಆ ಕಡೆಯಿಂದ ಎಂದಿನ ಮಾತೇ ಬಂತು, "ಹಾಕ್ಲಾ ತಾಯಿ?"

"ಹಾಕಿ ಮೇಷ್ಟ್ರೇ."

ಅದೇ ವಾರ ವೈರಸ್ಸಿನ ಪರೀಕ್ಷೆಯ ವರದಿಯೂ ಬಂತು: ಪತ್ತೆಯಾಗಿಲ್ಲ. ಮೇಷ್ಟ್ರು ಅದನ್ನು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ತಂದು ತೋರಿಸಿದರು. ಪೂರ್ತಿ ನಲವತ್ತೆಂಟು ಮುಗಿಸಿದರೆ ಗೆಲ್ಲಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಆಮೇಲಿನ ಶುಕ್ರವಾರಗಳಲ್ಲಿ ಅಂಕಿ ಒಮ್ಮೆಯೂ ಒಂಬೈನೂರರ ಕೆಳಗೆ ಬರಲಿಲ್ಲ. ಸಾವಿರದ ನೂರು, ಒಂಬೈನೂರೆಂಬತ್ತು, ಸಾವಿರದಿನ್ನೂರು. ನಾನು ಖುಷಿಯಲ್ಲಿ ತೇಲುತ್ತಿದ್ದೆ. ಅವರು ಬರುವಾಗ ಪ್ಯಾಂಟಿನ ಅಂಚು ಒದ್ದೆಯಿರುತ್ತಿತ್ತು, ಹಣೆಯಲ್ಲಿ ಬೆವರು, ಎದೆ ಏಳುತ್ತ ಬೀಳುತ್ತ ಇರುತ್ತಿತ್ತು. ಕೆಂಪು ಕಣ ಕಡಿಮೆಯಾದ್ದಕ್ಕೆ ಏದುಸಿರು ಎಂದುಕೊಂಡೆ. ಒದ್ದೆ ಅಂಚಿನ ಬಗ್ಗೆ ಕೇಳಲೇ ಇಲ್ಲ.

ನಂಜನಗೂಡಿನವರು ಯಾರೂ ಕೇಳುವುದಿಲ್ಲ. ಇಲ್ಲಿಯ ಶಿವ ನಂಜುಂಡವನು, ಕಾಯಿಲೆ ವಾಸಿ ಮಾಡುವವನು. ಎಲ್ಲೆಲ್ಲಿಂದಲೋ ರೋಗಿಗಳು ಬಂದು ಕಪಿಲೆಯಲ್ಲಿ ಮುಳುಗೇಳುತ್ತಾರೆ, ಒದ್ದೆ ಬಟ್ಟೆಯಲ್ಲಿ ಉರುಳುತ್ತಾರೆ, ಹೆಜ್ಜೆ ನಮಸ್ಕಾರ ಹಾಕುತ್ತಾರೆ. ಏನು ಹರಕೆ, ಯಾಕೆ ಎಂದು ಕೇಳಬಾರದು. ಹೇಳಿದರೆ ಫಲ ಹೋಗುತ್ತದೆ ಎಂದು ನಂಬಿಕೆ. ಮೇಷ್ಟ್ರೂ ಏನೋ ಹರಕೆ ಹೊತ್ತಿದ್ದಾರೆ, ವಿಜ್ಞಾನದವರಾದ್ದರಿಂದ ನಾಚಿಕೆ ಎಂದುಕೊಂಡು ಮನಸ್ಸಿನಲ್ಲೇ ನಕ್ಕು ಸುಮ್ಮನಾದೆ.

ಹೀಗೆ ಮೂವತ್ತಾರು ಇಂಜೆಕ್ಷನ್ ಮುಗಿದವು. ಮೂವತ್ತೇಳನೆಯದರ ಶುಕ್ರವಾರ, ಪರೀಕ್ಷೆಗಳ ಕಾಲ, ಬೆಳಿಗ್ಗೆಯೇ ಸೆಕೆ. ಮೇಷ್ಟ್ರು ಒಳಗೆ ಬಂದವರು ಕುರ್ಚಿಯ ಕೈ ಹಿಡಿದು ಕೂತರು. ಮುಖ ಸುಣ್ಣದ ಹಾಗಿತ್ತು. ರಕ್ತ ತೆಗೆದು ಬಾಟಲಿಗೆ ಬಿಡುವಾಗ ಅವರ ಕತ್ತಿನ ಹಿಂದೆ ಕೆಂಪಗೆ ಊದಿದ ಒಂದು ಕುರು ಕಂಡಿತು. ಮುಟ್ಟಿದೆ, ಮೈ ಬಿಸಿಯಿತ್ತು.

"ಯಾವಾಗಿಂದ ಇದು?"

"ಮೂರ್ ದಿವ್ಸ ಆಯ್ತು. ಸೆಕೆಗುಳ್ಳೆ ಕಣವ್ವ, ಬುಡು."

ಅಷ್ಟರಲ್ಲಿ ಸ್ನಾನಘಟ್ಟದ ಹತ್ತಿರ ಹೂವು ಮಾರುವ ಹೆಂಗಸು ಬಾಗಿಲಲ್ಲಿ ನಿಂತಳು. ಸಕ್ಕರೆ ಕಾಯಿಲೆಗೆ ನಮ್ಮಲ್ಲೇ ಪರೀಕ್ಷೆ ಮಾಡಿಸುವವಳು. ಕೈಯಲ್ಲಿ ಮೇಷ್ಟ್ರ ಬುತ್ತಿ ಚೀಲವಿತ್ತು.

"ಮೇಷ್ಟ್ರು ಇಲ್ಲವ್ರಾ? ಚೀಲ ಮೆಟ್ಲು ಮ್ಯಾಲೇ ಬುಟ್ಬಂದವ್ರೆ" ಎಂದು ಕೊಟ್ಟು, ಅವರನ್ನೇ ಬೈಯತೊಡಗಿದಳು. "ಅದೇನ್ ಅರಕೆಯೋ ಸಾಮಿ ನಿಮ್ದು! ಆರ್ ತಿಂಗ್ಳಾಯ್ತು, ಸುಕ್ರವಾರ ಬಂದ್ರೆ ನದೀಲಿ ಕಾಲದ್ದೋದು, ದಡಬಡ ಮೆಟ್ಲು ಅತ್ತೋದು, ಇಳಿಯೋದು, ಇನ್ನೊಂದ್ಸಲ ಅತ್ತೋದು. ಇವತ್ತು ನಡೂಕೆ ತಲೆ ಇಡ್ಕೊಂಡು ಕೂತ್ಬುಟ್ರಲ್ಲ. ನಂಜುಂಡಪ್ಪ ಪ್ರಾಣ ಕೊಡು ಅಂತ ಕೇಳ್ತಾನಾ?"

ಅವಳು ಹೋದ ಮೇಲೆ ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಬಾಟಲಿ ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಹರಕೆಯಲ್ಲ ಎಂದು ನನಗೆ ಆಗಲೇ ಗೊತ್ತಾಗಿಹೋಗಿತ್ತು. ಮೆಟ್ಟಿಲು ಎಂಬ ಮಾತು ನನ್ನ ಬಾಯಿಂದಲೇ ಹೋದದ್ದು.

"ಎಷ್ಟು ಸಲ ಹತ್ತುತ್ತಿದ್ರಿ?"

"ಮೊದ್ಲು ಐದು ಸಲ. ಈಚೆಗೆ ಹತ್ತು. ಐದಕ್ಕೆ ನಂಬರ್ ಬರ್ತಿರ್ಲಿಲ್ಲ."

ನನಗೆ ಬಂದ ಸಿಟ್ಟು ಎಷ್ಟೆಂದರೆ, ಆ ವಯಸ್ಸಿನವರಿಗೆ ಆಡಬಾರದ ಮಾತು ಆಡಿದೆ. "ನೀವು ಮೇಷ್ಟ್ರಾ? ನಿಮ್ಮ ಹುಡುಗ್ರು ಕಾಪಿ ಹೊಡೆದ್ರೆ ಏನ್ ಮಾಡ್ತೀರಿ? ನೀವು ನನ್ನ ಪೇಪರ್ ಕಾಪಿ ಹೊಡೆದ್ರಲ್ಲ!"

ಅವರು ಬೈಗುಳ ನುಂಗಿಕೊಂಡರು. "ಹನ್ನೆರಡೇ ಉಳ್ದಿರೋದು ಕಣವ್ವ. ಈ ಬಾಟ್ಲಿದೇ ಎಣಿಸ್ಬಿಡು. ಮುಗಿದ್ ಮೇಲೆ ನೀನು ಹೇಳ್ದಂಗೆ ಕೇಳ್ತೀನಿ. ಮನೇಲಿ ಮಾತ್ರ ಹೇಳ್ಬ್ಯಾಡ, ಅವಳು ಎದೆ ಒಡ್ಕೊತಾಳೆ."

ನಾನು ಬೆಂಚು ತೋರಿಸಿದೆ. ಬಸ್ಸು ಹೋಗಲಿ, ಜನ ನೋಡಲಿ, ಮುಕ್ಕಾಲು ಗಂಟೆ ಕೂರಿ ಎಂದೆ. ಅವರು ಎದ್ದು ಹೋಗಿ ರಸ್ತೆಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ಕೂತರು. ಆ ಹೊತ್ತಿನಲ್ಲಿ ಮೊದಲ ಬಾಟಲಿ ಎಣಿಸಿದೆ. ನಾಲ್ಕು ಮೂಲೆ ಸೇರಿ ನಲವತ್ತು ಕಣ, ಅಂದರೆ ಎರಡು ಸಾವಿರ. ನೂರರಲ್ಲಿ ನ್ಯೂಟ್ರೋಫಿಲ್ ನಲವತ್ತೈದು. ಒಂಬೈನೂರು. ಆಮೇಲೆ ಇನ್ನೊಂದು ತೋಳಿನಿಂದ ಎರಡನೆಯ ಬಾಟಲಿ ತೆಗೆದೆ. ಇಪ್ಪತ್ತಾರು ಕಣ, ಸಾವಿರದ ಮುನ್ನೂರು. ನೂರರಲ್ಲಿ ಮೂವತ್ತೆರಡು. ನಂಬಿಕೆಯಾಗದೆ ಇನ್ನೊಂದು ಗಾಜು ಎಳೆದು ಇನ್ನೂರು ಎಣಿಸಿದೆ, ಅರವತ್ನಾಲ್ಕು. ನಾನೂರ ಹದಿನಾರು.

ಎರಡು ಚೀಟಿ ಮುಂದೆ ಇಟ್ಟುಕೊಂಡು ಕೂತೆ. ಒಂಬೈನೂರು ಎಂದು ಹೇಳಿದರೆ ಮೇಷ್ಟ್ರಿಗೆ ಮೂವತ್ತೇಳನೆಯದು ಸಿಗುತ್ತದೆ. ನನ್ನ ಮೂವತ್ತಾರು ಶುಕ್ರವಾರಗಳ ಉಡಾಫೆಯೂ ಮುಚ್ಚಿಹೋಗುತ್ತದೆ. ನಾನೂರ ಹದಿನಾರು ಎಂದರೆ ಇಂಜೆಕ್ಷನ್ನೂ ಇಲ್ಲ, ಉಡಾಫೆಯೂ ಬಯಲು. ಆ ಎರಡನೆಯ ಯೋಚನೆ ನನಗೆ ಬಂದಿತ್ತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಪಕ್ಕದ ಕಿಟಕಿಯಿಂದ, ಮತ್ತೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಮೇಷ್ಟ್ರ ಕತ್ತು ಕಾಣುತ್ತಿತ್ತು. ಕುರುವಿನ ಸುತ್ತಿನ ಕೆಂಪು ಕಾಲರಿನ ಒಳಕ್ಕೆ ಇಳಿದಿತ್ತು. ಕಾವಲಿನವರು ಇಲ್ಲದ ಊರಿಗೆ ಕಳ್ಳ ಹೊಕ್ಕಾಗಿತ್ತು. ಫೋನು ಎತ್ತಿದೆ.

ಡಾಕ್ಟರಿಗೆ ಎಲ್ಲ ಹೇಳಿದೆ: ಅಂಕಿ, ಕುರು, ಜ್ವರ, ಮೆಟ್ಟಿಲು, ಕೂರಿಸದೆ ರಕ್ತ ತೆಗೆದದ್ದು. ಅವರು ಕೂಗಾಡಲಿಲ್ಲ. "ಈಗಲೇ ಕಳಿಸಿ, ಅಡ್ಮಿಟ್ ಆಗ್ಬೇಕು. ಇಂಜೆಕ್ಷನ್ ಇವತ್ತು ಇಲ್ಲ" ಎಂದರು. ನಾನು ಜಗಲಿಗೆ ಹೋದೆ. ಮೇಷ್ಟ್ರು ಎದ್ದು ನಿಂತು ಅದೇ ಮಾತು ಕೇಳಿದರು, ಈ ಸಲ ಎದುರಿಗೇ.

"ಹಾಕ್ಲಾ ತಾಯಿ?"

"ಬೇಡ ಮೇಷ್ಟ್ರೇ" ಎಂದೆ.

ಅವರು ಫ್ಲಾಸ್ಕಿನ ಮುಚ್ಚಳ ತೆಗೆದು, ಆಗಲೇ ಫ್ರಿಡ್ಜಿನಿಂದ ತೆಗೆದು ಹಾಕಿಕೊಂಡಿದ್ದ ಇಂಜೆಕ್ಷನ್ನನ್ನು ನನ್ನ ಕೈಗೆ ಕೊಟ್ಟರು. ಐಸಿನ ನೀರು ನನ್ನ ಅಂಗೈಯಲ್ಲಿ ಸೋರುತ್ತಿತ್ತು. ಯಜಮಾನರು ಅಷ್ಟರಲ್ಲಿ ಬಂದಿದ್ದರು. ಎಲ್ಲ ಕೇಳಿಸಿಕೊಂಡು, ನನಗೆ ಒಂದು ಮಾತೂ ಹೇಳದೆ, ಮೇಷ್ಟ್ರ ಚೀಲ ತಾವೇ ಹಿಡಿದುಕೊಂಡು ಮೈಸೂರಿನ ತನಕ ಜೊತೆಗೆ ಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಕುರು ಕೊಯ್ದರು, ನರಕ್ಕೆ ಔಷಧಿ ಕೊಟ್ಟರು, ಜೀವ ಉಳಿಯಿತು. ಇಂಜೆಕ್ಷನ್ ಮತ್ತೆ ಶುರು ಮಾಡುವುದು ಅಪಾಯ ಎಂದು ಡಾಕ್ಟರು ಪೂರ್ತಿ ನಿಲ್ಲಿಸಿದರು. ನಾನು ಒಂದು ಭಾನುವಾರ ನೋಡಲು ಹೋದಾಗ ಡಾಕ್ಟರು ವಾರ್ಡಿನ ಬಾಗಿಲಲ್ಲಿ ಸಿಕ್ಕರು. ನನ್ನನ್ನು ನೋಯಿಸಬೇಕೆಂದು ಹೇಳಿದ್ದಲ್ಲ, ಕೇಳಿದೆ ಎಂದು ಹೇಳಿದರು: "ಹದಿಮೂರು ಹದಿನಾಲ್ಕನೇ ವಾರದಲ್ಲೇ ನಿಜವಾದ ನಂಬರ್ ಸಿಕ್ಕಿದ್ದರೆ ಸ್ವಲ್ಪ ಡೋಸ್ ಇಳಿಸಿರುತ್ತಿದ್ದೆ. ಮಜ್ಜೆ ತಡೆದುಕೊಳ್ಳುತ್ತಿತ್ತು. ನಲವತ್ತೆಂಟೂ ಮುಗಿಸಬಹುದಿತ್ತೇನೋ."

ಮೇಷ್ಟ್ರಿಗೆ ಇದನ್ನು ನಾನು ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಎಂದು ಆಮೇಲೆ ಅನ್ನಿಸಿತು.

ಔಷಧಿ ನಿಂತ ಮೇಲೆ ಕಣಗಳು ತಿರುಗಿ ಬರುವುದನ್ನು ನಾನೇ ಎಣಿಸಿದೆ. ಆಸ್ಪತ್ರೆಯಿಂದ ಬಂದ ಮೊದಲ ವಾರ ಆರುನೂರು. ಗಾಜಿನಲ್ಲಿ ಮಾನೊಸೈಟ್ ಎಂಬ ದೊಡ್ಡ ಬೂದು ಕಣಗಳು ಹೆಚ್ಚಿದ್ದವು. ಮಳೆಗೆ ಮುಂಚೆ ಗಾಳಿ ಬೀಸುವ ಹಾಗೆ, ಮಜ್ಜೆ ಏಳುವಾಗ ಮೊದಲು ಕಾಣುವುದು ಅವೇ. ಎರಡನೆಯ ವಾರ ಸಾವಿರದ ನೂರು, ಬೀಜ ಇನ್ನೂ ತುಂಡಾಗದ ಎಳೆಯ ನ್ಯೂಟ್ರೋಫಿಲ್‌ಗಳು. ತಿಂಗಳಿಗೆ ಎರಡು ಸಾವಿರ ದಾಟಿತು. ಎರಡು ತಿಂಗಳಿಗೆ ಮೂರು ಸಾವಿರದ ಮುನ್ನೂರು, ಯಾವ ಆರೋಗ್ಯವಂತನ ರಕ್ತಕ್ಕೂ ಕಡಿಮೆಯಿಲ್ಲದ್ದು. ಪ್ರತಿ ಸಲವೂ ಬೆಂಚಿನ ಮೇಲೆ ಕಾಲು ಗಂಟೆ ಕೂರಿಸಿ ತೆಗೆದದ್ದು. ಅಷ್ಟು ಚೆಂದದ ಲೆಕ್ಕ ನಾನು ಜೀವಮಾನದಲ್ಲಿ ಬರೆದಿರಲಿಲ್ಲ. ಮೂವತ್ತಾರೇ ಸಾಕಾಗಿರಬಹುದು, ವೈರಸ್ಸು ಸತ್ತೇ ಹೋಗಿರಬಹುದು ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆ ನಂಬಿಕೊಂಡೆವು.

ಆರು ತಿಂಗಳ ಪರೀಕ್ಷೆಯ ವರದಿಯನ್ನು ಮೇಷ್ಟ್ರು ತಾವೇ ತಂದರು. ಒಳಗೆ ಬರಲಿಲ್ಲ. ಬೆಂಚಿನ ಮೇಲೆ, ಈ ಸಲ ರಸ್ತೆಗೆ ಮುಖ ಮಾಡಿ ಕೂತರು. ನರಸೀಪುರದ ಬಸ್ಸಿನಿಂದ ಇಳಿದ ಒಬ್ಬ, "ಏನ್ ಸಾ ಇಲ್ಲಿ?" ಎಂದದ್ದಕ್ಕೆ, "ರಕ್ತ ಕೊಡಕ್ಕೆ ಬಂದಿವ್ನಿ ಕಣಪ್ಪ, ಲಿವರ್ ಕಾಯ್ಲೆ" ಎಂದು ಹೇಳಿದ್ದು ಒಳಗೆ ನನಗೆ ಕೇಳಿಸಿತು. ಹೊರಗೆ ಬಂದೆ. ವರದಿ ನನ್ನ ಕೈಗಿಟ್ಟರು. ವೈರಸ್ಸು ವಾಪಸ್ಸು ಬಂದಿತ್ತು, ಮೊದಲಿಗಿಂತ ಹೆಚ್ಚು.

"ಇವತ್ತು ಚೀಟಿ ಇಲ್ವಲ್ಲ ಮೇಷ್ಟ್ರೇ, ರಕ್ತ ಯಾಕೆ?" ಎಂದೆ.

"ಸುಮ್ಕೆ ಒಂದ್ಸಲ ತೆಗಿ. ಕಾಲು ಗಂಟೆ ಕೂತಿವ್ನಿ, ಗಡಿಯಾರ ನೋಡು."

ತೆಗೆದೆ, ಎಣಿಸಿದೆ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಲು ಅವರನ್ನು ಕರೆದೆ. ಬಹಳ ಹೊತ್ತು ನೋಡಿದರು. "ಎಲ್ರೂ ಬಂದವ್ರೆ" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀನು ಅವತ್ತು ಫೋನ್ ಮಾಡ್ಲಿಲ್ಲ ಅಂದಿದ್ರೆ ಇವರೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ. ಅಳಬ್ಯಾಡ ಕಣವ್ವ. ತಪ್ಪು ಲೆಕ್ಕ ಕೊಟ್ಟೋನು ನಾನು" ಎಂದರು. ನಾನು ಅತ್ತೆ. ಅವರ ಎದುರಿಗೇ, ಗಾಜಿನ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಅತ್ತೆ.

ಲಿವರ್ ಮೊದಲೇ ಗಂಟುಗಟ್ಟಿತ್ತು. ಆಗ ಬೇರೆ ಔಷಧಿ ಇರಲಿಲ್ಲ. ಮೂರು ತಿಂಗಳ ಮಾತ್ರೆ ಬಂದು, ಕಣ ಎಣಿಸುವ ಕಾಟವೂ ಇಲ್ಲದೆ ಜನ ಗುಣವಾಗತೊಡಗಿದ್ದು ಎಷ್ಟೋ ವರ್ಷದ ಮೇಲೆ. ಔಷಧಿ ನಿಂತು ಎರಡು ವರ್ಷ ತುಂಬುವ ಮೊದಲೇ, ಒಂದು ಧನುರ್ಮಾಸದ ಬೆಳಿಗ್ಗೆ ಮೇಷ್ಟ್ರು ರಕ್ತ ವಾಂತಿ ಮಾಡಿಕೊಂಡರು. ಮೈಸೂರು ಮುಟ್ಟಲಿಲ್ಲ.

ತಿಂಗಳು ಕಳೆದು ಅವರ ಹೆಂಡತಿ ಬಂದರು. ಮನೆಯವರೂ ಒಮ್ಮೆ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರಂತೆ. ನಾನು ಹೇಳುವ ಮೊದಲೇ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ನಾನೂ ಕೂತೆ.

"ಮಗಳು ಹತ್ನೇ ಕ್ಲಾಸು. ಅವಳಿಗೆ ದಿನಾ ಪಾಠ ಮಾಡ್ತಿದ್ರು ಕೂಸೇ" ಎಂದರು. "ಅರ್ಧ ಪುಸ್ತಕ ಆಗಿತ್ತು."

ಸ್ವಲ್ಪ ಹೊತ್ತು ಬಿಟ್ಟು ನನ್ನ ಕೈ ಹಿಡಿದುಕೊಂಡರು. "ಘಟ್ಟದ ಹೂವಿನವಳು ಹೇಳಿದ್ಲು. ಸುಕ್ರವಾರ ಸುಕ್ರವಾರ ಮೆಟ್ಲು ಅತ್ತೋ ಅರಕೆ ಹೊತ್ತಿದ್ರಂತೆ, ನಡೂಕೆ ನಿಂತೋಯ್ತಂತೆ. ನನಗೆ ಒಂದ್ ಮಾತೂ ಹೇಳ್ಲಿಲ್ಲ. ಅದು ಅರ್ಧಕ್ಕೆ ನಿಂತಿದ್ದಕ್ಕೇ ಇಂಗಾಯ್ತೇನೋ ಅಂತ ನನಗೆ. ನಿನ್ನ ಹತ್ರ ಎಲ್ಲಾ ಹೇಳ್ತಿದ್ರಲ್ಲ. ಎಷ್ಟು ವಾರ ಉಳ್ದಿತ್ತು ಅಂತ ಹೇಳು. ನಾನು ತೀರಿಸ್ತೀನಿ."

ಹರಕೆಯಲ್ಲ ಅಮ್ಮ, ನನ್ನ ಮೈಕ್ರೋಸ್ಕೋಪಿಗೆ ಮೋಸ ಮಾಡಲು ಹತ್ತುತ್ತಿದ್ದರು, ಆ ಉಪಾಯ ಹೇಳಿಕೊಟ್ಟವಳು ನಾನೇ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಮನೆಯಲ್ಲಿ ಹೇಳಬೇಡ ಎಂದು ಇದೇ ಬಾಗಿಲ ಒಳಗೆ ಮೇಷ್ಟ್ರು ಕೇಳಿಕೊಂಡಿದ್ದು ನೆನಪಾಯಿತು. ಅಂದಿನಿಂದ ನಾನು ಒಂದೇ ಒಂದು ತಪ್ಪು ಅಂಕಿ ಯಾರಿಗೂ ಹೇಳಿಲ್ಲ, ಈ ಅಮ್ಮನಿಗೂ ಹೇಳಲಿಲ್ಲ.

"ಹನ್ನೆರಡು ಶುಕ್ರವಾರ ಉಳಿದಿತ್ತು ಅಮ್ಮ. ಒಂದೊಂದು ದಿನ ಹತ್ತು ಸಲ" ಎಂದೆ.

ಮುಂದಿನ ಶುಕ್ರವಾರದಿಂದ ಅವರು ಮೊದಲ ಬಸ್ಸಿಗೆ ಬರತೊಡಗಿದರು. ನದಿಯಲ್ಲಿ ಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಎರಡನೆಯ ವಾರದಿಂದ ನಾನೂ ಕೆಲಸಕ್ಕೆ ಮುಂಚೆ ಹೋಗಿ ಕೆಳಗಿನ ಮೆಟ್ಟಿಲಲ್ಲಿ ನಿಂತು ಎಣಿಸುತ್ತಿದ್ದೆ. ಮುಗಿದ ಮೇಲೆ ಇಬ್ಬರೂ ಲ್ಯಾಬಿನ ತನಕ ನಡೆದು ಬಂದು, ಅವರ ಬಸ್ಸು ಬರುವ ತನಕ ಬೆಂಚಿನ ಮೇಲೆ ಕೂರುತ್ತಿದ್ದೆವು. ಅವರ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಅದೊಂದು ನೆಮ್ಮದಿ.

ಹನ್ನೆರಡನೆಯ ಶುಕ್ರವಾರ ಅವರು ಕೂತು ಉಸಿರು ತಿರುಗಿಸಿಕೊಂಡರು. ಸೀರೆಯ ಅಂಚಿನಿಂದ ಜಗಲಿಯ ಮೇಲೆ ನೀರು ಇಳಿಯುತ್ತಿತ್ತು.

"ಮುಗೀತಾ ಕೂಸೇ?" ಎಂದರು.

"ಮುಗೀತು ಅಮ್ಮ" ಎಂದೆ. "ನಲವತ್ತೆಂಟೂ ಆಯ್ತು."